ಹಗಲಿನ ಕರೆಂಟನ್ನು ಹಗಲಲ್ಲೇ ಕೊಡಿ: ಇಂಧನ ಸಚಿವರಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಇಂಧನ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು

ಪ್ರತಿ: ಅಧ್ಯಕ್ಷರು, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಧ್ಯಕ್ಷರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ

ಮಾನ್ಯರೆ,

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ ಒಂದೂವರೆಗೆ ಬೀಗ. ಮೇ ಮುಗಿಯುವವರೆಗೂ ಹೀಗೆಯೇ. ಬೆಂಗಳೂರಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ಆದರೆ ಪಾದರಸ 44 ಡಿಗ್ರಿ ಮುಟ್ಟುವ ಊರಿನಲ್ಲಿ ಮಧ್ಯಾಹ್ನ ಎರಡರ ಬಿಸಿಲಿಗೆ ಕಡತ ಹಿಡಿದು ಓಡಾಡಿ ಅನ್ನುವುದು ಯಾರಿಗೂ ಭೂಷಣವಲ್ಲ. ಒಳ್ಳೆಯ ಆದೇಶ. ನನ್ನ ತಕರಾರು ಬೇರೆ. ಬಿಸಿಲು ನೋಡಿ ಗುಮಾಸ್ತರ ಗಡಿಯಾರ ತಿರುಗಿಸಿದ ಸರ್ಕಾರಕ್ಕೆ, ಅದೇ ಬಿಸಿಲು ನೋಡಿ ಕರೆಂಟಿನ ಗಡಿಯಾರ ತಿರುಗಿಸುವುದು ಯಾಕೆ ಹೊಳೆಯುತ್ತಿಲ್ಲ? ಜೇವರ್ಗಿ, ಅಫಜಲಪುರದ ಹೊಲಗಳಿಗೆ ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟಿನ ಪಾಳಿ ಈಗಲೂ ರಾತ್ರಿ ಬರುವುದುಂಟು. ಕೈಯಲ್ಲಿ ಬ್ಯಾಟರಿ ಹಿಡಿದು, ಕಾಲಡಿ ಹಾವು ಚೇಳು ನೋಡಿಕೊಳ್ಳುತ್ತ ಸ್ಟಾರ್ಟರ್ ಒತ್ತಲು ಹೋಗುವ ಮಂದಿ ಇವತ್ತಿಗೂ ಇದ್ದಾರೆ. ರಾಜ್ಯದ ಸೌರ ಫಲಕಗಳು ಮಧ್ಯಾಹ್ನ ಕೊಡುವ ಕರೆಂಟಿಗೆ ಮಾತ್ರ ಆ ಹೊತ್ತಿನಲ್ಲಿ ಬೆಲೆ ಹುಟ್ಟುವುದಿಲ್ಲ.

ನಾನು ಎಂಜಿನಿಯರ್ ಅಲ್ಲ. ಕಲಬುರಗಿಯ ಧಾನ್ಯ ಪೇಟೆ ನೆಹರು ಗಂಜಿನ ನಾಲ್ಕಾರು ದಾಲ್ ಮಿಲ್ಲುಗಳಿಗೆ, ಶಹಾಬಾದ್ ಕಡೆಯ ಒಂದೆರಡು ಫರಸಿ ಕಲ್ಲಿನ ಪಾಲಿಶ್ ಘಟಕಗಳಿಗೆ ಲೆಕ್ಕ ಬರೆಯುವವನು. ಹಮಾಲಿ, ಬಾರದಾನ, ಲಾರಿ ಬಾಡಿಗೆ, ಜಿಎಸ್‌ಟಿ, ಕರೆಂಟ್ ಬಿಲ್ಲು, ಎಲ್ಲವೂ ನನ್ನ ಕೈಮೇಲೆ ಹಾದುಹೋಗುತ್ತವೆ. ಹವಾಮಾನ ಬದಲಾವಣೆ ಒಂದು ಇಲಾಖೆಗೆ, ಕೈಗಾರಿಕೆ ಇನ್ನೊಂದಕ್ಕೆ, ಇಂಧನ ಭದ್ರತೆ ದೆಹಲಿಗೆ ಅಂತ ನೀವು ಹಂಚಿಕೊಂಡಿದ್ದೀರಿ. ಬಿಲ್ಲಿಗೆ ಆ ಹಂಚಿಕೆ ಗೊತ್ತಿಲ್ಲ, ಮೂರೂ ಅದರಲ್ಲೇ ಬಂದು ಕೂತಿರುತ್ತವೆ. ಅದು ಹೇಗೆಂದು ಹೇಳುವುದಕ್ಕೇ ಈ ಪತ್ರ.

2023 ನೆನಪಿಸಿಕೊಳ್ಳಿ. ಆ ವರ್ಷದ ಆಗಸ್ಟ್ 5ರಂದು ಗೃಹಜ್ಯೋತಿಗೆ ಚಾಲನೆ ಕೊಟ್ಟದ್ದು ನಮ್ಮ ಕಲಬುರಗಿಯಲ್ಲೇ. ದೇಶದ ಮಟ್ಟಿಗೆ, 1901ರಿಂದ ಇಟ್ಟಿರುವ ಮಳೆಯ ದಾಖಲೆಯಲ್ಲಿ ಅಷ್ಟು ಒಣ ಆಗಸ್ಟ್ ಅದುವರೆಗೆ ಬಂದಿರಲಿಲ್ಲ. ಮಳೆ ಹೋಯಿತು, ಲಿಂಗನಮಕ್ಕಿ ತುಂಬಲಿಲ್ಲ, ಹೀಗಾಗಿ ಶರಾವತಿಯ ಅಗ್ಗದ ಜಲವಿದ್ಯುತ್ತನ್ನು ಬೇಸಿಗೆಗೆಂದು ಹಿಡಿದಿಟ್ಟುಕೊಳ್ಳಬೇಕಾಯಿತು. ಸಾಮಾನ್ಯವಾಗಿ ಮಳೆಗಾಲದಲ್ಲಿ ಪಂಪ್‌ಸೆಟ್ಟುಗಳು ಮಲಗಿರುತ್ತವೆ. ಆ ವರ್ಷ ಬೆಳೆ ಉಳಿಸಿಕೊಳ್ಳಲು ಎಲ್ಲರೂ ಒಮ್ಮೆಲೇ ಮೋಟಾರು ಹಾಕಿದರು. ಅಕ್ಟೋಬರಿಗೆ ರಾಜ್ಯದ ಬೇಡಿಕೆ ಬಿರುಬೇಸಿಗೆಯ ಮಟ್ಟ ಮುಟ್ಟಿತು. ಏಳು ತಾಸು ಕೊಡುತ್ತೇವೆಂದ ತ್ರೀ ಫೇಸ್ ಐದಕ್ಕೆ ಇಳಿಯಿತು. ತೊಗರಿ ಹೂವಿಗೆ ಬರುವ ಹೊತ್ತು ಅದು. ಒಂದು ನೀರು ಸಿಕ್ಕರೆ ಕಾಯಿ ನಿಲ್ಲುತ್ತದೆ, ಸಿಗದಿದ್ದರೆ ಹೂ ಉದುರುತ್ತದೆ. ಬೋರ್‌ವೆಲ್‌ನಲ್ಲಿ ನೀರಿದ್ದೂ ಕರೆಂಟ್ ಇಲ್ಲದೆ ಹೂ ಉದುರಿಸಿಕೊಂಡವರು ನಮ್ಮಲ್ಲಿ ಬಹಳ.

ಸರ್ಕಾರ ಆಗ ವಿದ್ಯುತ್ ಕಾಯ್ದೆಯ 11ನೇ ಕಲಂ ಹಚ್ಚಿ, ರಾಜ್ಯದೊಳಗೆ ಉತ್ಪಾದಿಸುವವರು ಹೊರಗೆ ಮಾರದಂತೆ ತಡೆಯಿತು. ಪಂಜಾಬಿನಿಂದಲೂ ಉತ್ತರ ಪ್ರದೇಶದಿಂದಲೂ ಕೈಗಡ ತಂದಿತು. ಮುಂದೆ ಯೂನಿಟ್ಟಿಗೆ ಯೂನಿಟ್ ತೀರಿಸುವ ಕರಾರಿನ ಮೇಲೆ. ಸಂಕಷ್ಟ ನಿಭಾಯಿಸಿದಿರಿ, ಇಲ್ಲವೆನ್ನುವುದಿಲ್ಲ. ಆದರೆ ಆ ನಾಲ್ಕು ತಿಂಗಳನ್ನು ಯಾವ ಖಾತೆಗೆ ಬರೆಯೋಣ? ಬರ ಅಂದರೆ ಕಂದಾಯ ಇಲಾಖೆ ಪರಿಹಾರ ಕೊಟ್ಟು ಕೈತೊಳೆಯಿತು. ವಿದ್ಯುತ್ ಕೊರತೆ ಅಂದರೆ ನಿಮ್ಮ ಇಲಾಖೆ ಖರೀದಿ ಲೆಕ್ಕ ತೋರಿಸಿತು. ತೊಗರಿಯ ಇಳುವರಿ ಕುಸಿದು ಮಿಲ್ಲಿಗೆ ಮಾಲು ಸಾಲದೆ ಬಂದಾಗ ಕೈಗಾರಿಕಾ ಇಲಾಖೆಗೆ ಅದು ಸುದ್ದಿಯೇ ಆಗಲಿಲ್ಲ. ಮೂರೂ ಹುಟ್ಟಿದ್ದು ಒಂದೇ ಆಗಸ್ಟಿನಲ್ಲಿ.

ಎರಡು ವರ್ಷ ಬಿಟ್ಟು, 2025ರ ಸೆಪ್ಟೆಂಬರಿನಲ್ಲಿ, ಇದಕ್ಕೆ ತದ್ವಿರುದ್ಧ. ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಸೇರಿ ಭೀಮೆ ಉಕ್ಕಿ, ತೊಗರಿ, ಹತ್ತಿ, ಹೆಸರು ನೀರಿನಲ್ಲಿ ನಿಂತು ಕೊಳೆತವು. ಮಳೆ ಇಲ್ಲದ್ದೂ ಮಳೆ ಹೆಚ್ಚಾದದ್ದೂ ಇಷ್ಟು ಹತ್ತಿರ ಹತ್ತಿರ ಬರುತ್ತಿರುವಾಗ, ಅಣೆಕಟ್ಟು ತುಂಬಿಯೇ ತುಂಬುತ್ತದೆಂದು ನಂಬಿ ವಿದ್ಯುತ್ ಯೋಜನೆ ಬರೆಯುವುದು ಹೇಗೆ?

ಇನ್ನು ಕಲ್ಲಿದ್ದಲು. ರಾಜ್ಯದ ನೆಲದಲ್ಲಿ ಒಂದು ಬುಟ್ಟಿ ಕಲ್ಲಿದ್ದಲಿಲ್ಲ. ಆದರೂ ರಾಜ್ಯ ಸರ್ಕಾರದ ಮೂರು ದೊಡ್ಡ ಉಷ್ಣ ಸ್ಥಾವರಗಳೂ ಇರುವುದು ನಮ್ಮ ಕಲ್ಯಾಣ ಕರ್ನಾಟಕದಲ್ಲೇ: ರಾಯಚೂರು ಶಕ್ತಿನಗರದ 1,720 ಮೆಗಾವ್ಯಾಟ್, ಯರಮರಸಿನ 1,600, ಬಳ್ಳಾರಿ ಕುಡುತಿನಿಯ 1,700. ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ಬಂದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಬೂದಿ. ಬೂದಿ ನಮಗೆ ಉಳಿಯುತ್ತದೆ, ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ. ಹೋಗಲಿ, ಅದಕ್ಕೆ ಹೊಟ್ಟೆಕಿಚ್ಚಿಲ್ಲ. ನಮ್ಮ ನೆಲದ ಮೇಲಿನ ಇನ್ನೊಂದು ಗೆರೆಯನ್ನೂ ಇಲ್ಲಿ ನೆನೆಯಬೇಕು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆವಿ ಮಾರ್ಗ ಚಾಲೂ ಆದಾಗಲೇ ದಕ್ಷಿಣದ ಜಾಲ ದೇಶದ ಜಾಲಕ್ಕೆ ಕೂಡಿಕೊಂಡಿತು. ಹತ್ತು ವರ್ಷದ ಮೇಲೆ ಪಂಜಾಬಿನ ಕೈಗಡ ನಮಗೆ ತಲುಪಲು ಸಾಧ್ಯವಾದದ್ದು ಇಂಥ ಮಾರ್ಗಗಳಿಂದ.

2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು. ಜಗತ್ತಿನ ಪೇಟೆಯಲ್ಲಿ ಕಲ್ಲಿದ್ದಲು, ಅನಿಲ, ತೈಲ ಮೂರರ ಬೆಲೆಯೂ ಏರಿತು. ಅದೇ ಬೇಸಿಗೆಯಲ್ಲಿ ದೇಶದೊಳಗೆ ಕಲ್ಲಿದ್ದಲು ಸಾಲದೆ, ಶೇ 10ರಷ್ಟು ಆಮದು ಕಲ್ಲಿದ್ದಲು ಬೆರೆಸಿ ಎಂದು ಕೇಂದ್ರ ಸರ್ಕಾರ ವಿದ್ಯುತ್ ಸ್ಥಾವರಗಳಿಗೆ ಹೇಳಿತು. ಗಂಜಿನ ಮಾಲೀಕರಿಗೆ ಉಕ್ರೇನ್ ಎಲ್ಲಿದೆ ಎಂಬುದು ಬೇಕಿರಲಿಲ್ಲ. ಆದರೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂಬ ಸಾಲು ಇವತ್ತು ಎಲ್ಲರ ಬಿಲ್ಲಿನಲ್ಲೂ ಇದೆ. ದೂರದ ಬೆಲೆ ಹತ್ತಿರದ ಬಿಲ್ಲಿಗೆ ಇಳಿಯುವ ದಾರಿ ಅದೇ. ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು, ಅಡುಗೆ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಹೊರಗಿನಿಂದ ತರುವ ದೇಶ ನಮ್ಮದು. ಹೊರಗಿನಿಂದ ತರುವ ಅಡುಗೆ ಅನಿಲ ಬಹುಪಾಲು ಕೊಲ್ಲಿ ದೇಶಗಳ ಬಾಗಿಲಾದ ಹೊರ್ಮುಜ್ ಜಲಸಂಧಿ ದಾಟಿಯೇ ಬರಬೇಕು. ಮಿಲ್ಲಿನ ಹಿತ್ತಲಲ್ಲಿ ನಿಂತಿರುವ ಡೀಸೆಲ್ ಜನರೇಟರ್ ಕೂಡ ಆ ಸಮುದ್ರವನ್ನೇ ನೆಚ್ಚಿಕೊಂಡಿದೆ.

ಮಿಲ್ಲಿನೊಳಗೆ ಒಮ್ಮೆ ಬನ್ನಿ. ತೊಗರಿ ಒಳಗೆ ಬಂದ ಕೂಡಲೇ ಬೇಳೆಯಾಗುವುದಿಲ್ಲ. ಜರಡಿಯಲ್ಲಿ ಕಸ ಕಲ್ಲು ಬೇರೆಯಾಗಬೇಕು. ರೋಲರಿಗೆ ಕೊಟ್ಟು ಸಿಪ್ಪೆಯ ಮೇಲೆ ಗೀರು ಬೀಳಿಸಬೇಕು, ಎಣ್ಣೆ ಹಚ್ಚಬೇಕು, ನೀರು ಹಿಡಿಸಿ ಗುಂಪಿ ಹಾಕಿ ಬಿಡಬೇಕು. ಮತ್ತೆ ಹರವಿ ಒಣಗಿಸಿ ಮತ್ತೆ ರೋಲರಿಗೆ. ಸಿಪ್ಪೆ ಬಿಟ್ಟು ಕಾಳು ಎರಡು ಹೋಳಾಗಿ ಬೀಳುವುದು ಆಮೇಲೆ. ನಡುವೆ ಕರೆಂಟ್ ಹೋದರೆ ರೋಲರಿನಲ್ಲಿ ಸಿಕ್ಕ ಕಾಳು ನುಚ್ಚಾಗುತ್ತದೆ. ಬೇಳೆಯ ದರಕ್ಕೆ ಹೋಗಬೇಕಾದದ್ದು ಚುನ್ನಿಯ ದರಕ್ಕೆ, ಅಂದರೆ ದನದ ಬಾನಿಗೆ ಹೋಗುತ್ತದೆ. ಒಣಗಿಸುವ ಕೆಲಸ ಮೊದಲು ಪೂರ್ತಿ ಬಿಸಿಲಿನದಾಗಿತ್ತು. ಈಗ ಮಾರ್ಚಿನಲ್ಲೂ ಅಕಾಲಿಕ ಮಳೆ ಹೊಡೆಯುತ್ತದೆ ಎಂಬ ಭಯಕ್ಕೆ ಡ್ರೈಯರ್ ಕೂಡಿಸಿದವರಿದ್ದಾರೆ. ಹವಾಮಾನ ಕೆಟ್ಟಷ್ಟೂ ಕರೆಂಟಿನ ಖರ್ಚು ಹೆಚ್ಚು ಎಂಬುದನ್ನು ಯಾರೂ ಇವರಿಗೆ ಭಾಷಣ ಮಾಡಿ ತಿಳಿಸಬೇಕಿಲ್ಲ.

ಸೀಸನ್ ಮುಗಿದು ಮಷೀನು ನಿಂತರೂ ನಿಗದಿತ ಶುಲ್ಕ ನಿಲ್ಲುವುದಿಲ್ಲ. 2025ರ ಏಪ್ರಿಲಿನಿಂದ ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಬೇರೆ ಕೂಡಿತು. ಪಿಂಚಣಿ ಕೊಡಲೇಬೇಕು, ಆದರೆ ಅದನ್ನು ತೊಗರಿ ಸೀಳುವವನ ಯೂನಿಟ್ಟಿನಿಂದಲೇ ಯಾಕೆ ಕೀಳಬೇಕೋ ತಿಳಿಯದು. ಅತ್ತ ಮಹಾರಾಷ್ಟ್ರದ ಲಾತೂರು, ಅಕೋಲಾದ ಮಿಲ್ಲುಗಳು ಪೈಪೋಟಿಗೆ ನಿಂತಿವೆ. ಮೊಜಾಂಬಿಕ್, ಮ್ಯಾನ್ಮಾರ್, ತಾಂಜಾನಿಯಾದಿಂದ ತೊಗರಿ ಹಡಗಿನಲ್ಲಿ ಬರುತ್ತದೆ. ಸುಂಕವಿಲ್ಲದೆ ತರುವ ಸವಲತ್ತನ್ನು ಕೇಂದ್ರ 2021ರಿಂದ ವಿಸ್ತರಿಸುತ್ತ ಬಂದು 2026ರ ಮಾರ್ಚ್ ಅಂತ್ಯಕ್ಕೆ ಒಯ್ದಿತು. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಗುರುತಿನ ಚೀಟಿ ತೋರಿಸಿದರೆ ಬಿಲ್ಲಿನಲ್ಲಿ ರಿಯಾಯಿತಿ ಸಿಗುವುದಿಲ್ಲವಲ್ಲ.

ಸಿಮೆಂಟಿನದು ದೊಡ್ಡ ಲೆಕ್ಕ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲೆಲ್ಲಿ ಸುಣ್ಣದಕಲ್ಲೋ ಅಲ್ಲಲ್ಲಿ ಚಿಮಣಿ. ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿಗೆ ಸುಟ್ಟರೆ ಸಿಮೆಂಟಿನ ಮೂಲವಸ್ತು ಕ್ಲಿಂಕರ್. ಸಿಮೆಂಟಿನಿಂದ ಹೊರಡುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕಲ್ಲಿನ ಒಡಲಿನಿಂದಲೇ ಬರುವಂಥದ್ದು. ಸೌರ ಫಲಕ ಹಾಕಿಸಿ ಫೋಟೊ ತೆಗೆಸಿಕೊಂಡರೆ ಅದು ಹೋಗುವುದಿಲ್ಲ. ಕ್ಲಿಂಕರಿನ ಪಾಲು ಇಳಿಸಿ ಹಾರುಬೂದಿ ಬೆರೆಸಬೇಕು, ಅಥವಾ ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದಕಲ್ಲಿನ ಪುಡಿ ಬೆರೆಸುವ ಹೊಸ ಬಗೆಯ ಸಿಮೆಂಟಿಗೆ ಹೊರಳಬೇಕು. ಈ ಹೊಸ ಸಿಮೆಂಟಿಗೆ ಭಾರತೀಯ ಮಾನಕ ಬ್ಯೂರೊ 2023ರಲ್ಲೇ ಮಾನದಂಡ ಕೊಟ್ಟಿದೆ. ಅದಕ್ಕೆ ಬೇಕಾದದ್ದು ಕೇವೊಲಿನ್ ಜಾತಿಯ ಮಣ್ಣು. ಬೀದರಿನ ಕಮಠಾಣ ಕಡೆ ಆ ಮಣ್ಣಿರುವುದು ಹಳೆಯ ಮಾತು. ಗಣಿ ಇಲಾಖೆ ಈ ಕಣ್ಣಿನಿಂದ ಅದನ್ನು ಒಮ್ಮೆ ನೋಡಲಿ.

ಯುರೋಪಿನ ಗಡಿ ಇಂಗಾಲ ತೆರಿಗೆಯ ಗುಮ್ಮ ತೋರಿಸುವವರಿಗೆ ಒಂದು ಮಾತು. 2026ರ ಜನವರಿಯಿಂದ ಪೂರ್ಣವಾಗಿ ಜಾರಿಗೆ ಬಂದ ಆ ತೆರಿಗೆಯ ಪಟ್ಟಿಯಲ್ಲಿ ಸಿಮೆಂಟಿದೆ ನಿಜ. ಆದರೆ ಸೇಡಂ ಸಿಮೆಂಟು ಯುರೋಪಿಗೆಲ್ಲಿ ಹೋಗುತ್ತದೆ? ನಮಗೆ ತಟ್ಟುವುದು ಮನೆಯೊಳಗಿನ ನಿಯಮ. 2023ರ ಇಂಗಾಲ ಕ್ರೆಡಿಟ್ ವ್ಯಾಪಾರ ಯೋಜನೆಯಡಿ, ಟನ್ ಉತ್ಪನ್ನಕ್ಕೆ ಇಷ್ಟೇ ಹೊರಸೂಸಬೇಕೆಂದು ಸಿಮೆಂಟ್ ಸೇರಿದಂತೆ ಕೆಲವು ಉದ್ಯಮಗಳಿಗೆ 2025ರ ಅಕ್ಟೋಬರಿನಲ್ಲಿ ಗುರಿ ನಿಗದಿಯಾಯಿತು. ಗುರಿ ಮುಟ್ಟಿದವರು ಕ್ರೆಡಿಟ್ ಮಾರುತ್ತಾರೆ, ಮುಟ್ಟದವರು ಕೊಳ್ಳುತ್ತಾರೆ. ಗಡಿಯಾಚೆ ತೆಲಂಗಾಣದ ತಾಂಡೂರಿನಲ್ಲೂ ಇದೇ ಕಲ್ಲು, ಇದೇ ನಿಯಮ. ವ್ಯತ್ಯಾಸ ಬೀಳುವುದು ಯಾವ ರಾಜ್ಯದ ಕರೆಂಟು ಅಗ್ಗ, ಯಾವುದರಲ್ಲಿ ಇಂಗಾಲ ಕಡಿಮೆ ಎಂಬಲ್ಲಿ. ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರು ಮನಸ್ಸು ಮಾಡಿದರೆ ನಾಳೆಯೇ ಒಂದು ಕೆಲಸ ಸಾಧ್ಯ. ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆ ಇರುವ ಮಂಡಳಿಯ ಕಾಮಗಾರಿಗಳಲ್ಲಿ, ಎಲ್ಲಿ ಆಗುತ್ತದೋ ಅಲ್ಲಿ, ಮಿಶ್ರ ಸಿಮೆಂಟನ್ನೇ ಬಳಸಬೇಕೆಂದು ಟೆಂಡರಿನಲ್ಲಿ ಒಂದು ಸಾಲು ಬರೆಯಿಸಿ.

ಹೊನ್ನಕಿರಣಗಿ, ಫಿರೋಜಾಬಾದ್ ಸುತ್ತ ಹಿಂದೆ ಉಷ್ಣ ವಿದ್ಯುತ್ ಸ್ಥಾವರ ಕಟ್ಟುತ್ತೇವೆಂದು ರೈತರ ಜಮೀನು ತೆಗೆದುಕೊಂಡದ್ದು ನಿಮಗೆ ಗೊತ್ತು. ಸ್ಥಾವರ ಬರಲಿಲ್ಲ. 2023ರಲ್ಲಿ ಕೇಂದ್ರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಒಂದು ಅದೇ ನೆಲಕ್ಕೆ ಬಂತು, ಸಾವಿರ ಎಕರೆಯಲ್ಲಿ. ಕಲ್ಲಿದ್ದಲಿಗೆಂದು ಇಟ್ಟ ಜಾಗಕ್ಕೆ ಬಟ್ಟೆ ಬಂತು, ಒಳ್ಳೆಯದೇ. ಆದರೆ ಹೊರದೇಶದ ದೊಡ್ಡ ಅಂಗಡಿಗಳಿಗೆ ಬಟ್ಟೆ ಹೊಲಿಯುವ ಕಾರ್ಖಾನೆಗೆ ಇವತ್ತು ಖರೀದಿದಾರರು ಕೇಳುವ ಪ್ರಶ್ನೆಗಳಲ್ಲಿ ನಿಮ್ಮ ವಿದ್ಯುತ್ ಎಲ್ಲಿಂದ ಎಂಬುದೂ ಒಂದು. ಉತ್ತರ ಕೊಡುವ ವ್ಯವಸ್ಥೆ ಶೆಡ್ಡಿನ ಜೊತೆಗೇ ಬರಬೇಕು. ಮೊದಲು ಶೆಡ್ಡು ಎದ್ದು, ಹತ್ತು ವರ್ಷದ ಮೇಲೆ ಲೈನು ಎಳೆಯುವ ನಮ್ಮ ಪದ್ಧತಿ ಅಲ್ಲಿ ಬೇಡ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ರಾಜ್ಯಗಳು ಕರೆಂಟ್ ಕೊಂಡು ಮಾರುವ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮಧ್ಯಾಹ್ನ ಯೂನಿಟ್ ಎರಡು ರೂಪಾಯಿಗಿಂತ ಕೆಳಗೆ ಇಳಿದ ದಿನಗಳಿವೆ. ಸೂರ್ಯ ಮುಳುಗಿದ ಮೇಲೆ ಅದೇ ಯೂನಿಟ್ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಹಾಕಿರುವ 10 ರೂಪಾಯಿಯ ಮಿತಿಗೆ ತಲೆ ತಾಗಿಸಿದ ದಿನಗಳೂ ಇವೆ. ಅಂದರೆ ರಾತ್ರಿ ಪಂಪ್‌ಸೆಟ್ಟಿಗೆ ಕೊಡುವ ಯೂನಿಟ್ಟಿನಲ್ಲಿ ನೀವು ದುಬಾರಿ ಕಲ್ಲಿದ್ದಲು ಸುಡುತ್ತೀರಿ, ಹಗಲಿನ ಅಗ್ಗದ ಯೂನಿಟ್ಟನ್ನು ಯಾರಿಗೆ ಕೊಡುವುದೆಂದು ನೋಡುತ್ತೀರಿ. ಲೆಕ್ಕದವನಾಗಿ ಹೇಳುತ್ತೇನೆ, ಅಂಗಡಿಯಲ್ಲಿ ಹೀಗೆ ವ್ಯವಹಾರ ಮಾಡಿದರೆ ವರ್ಷದೊಳಗೆ ಬಾಗಿಲು ಹಾಕಬೇಕು. ಪಂಪ್‌ಸೆಟ್ಟು ರಾತ್ರಿಯಿಂದ ಹಗಲಿಗೆ ಬಂದರೆ ಸಂಜೆಯ ಒತ್ತಡ ಇಳಿಯುತ್ತದೆ, ಕಲ್ಲಿದ್ದಲು ಉಳಿಯುತ್ತದೆ, ರೈತ ರಾತ್ರಿ ನಿದ್ದೆ ಮಾಡುತ್ತಾನೆ. ಹವಾಮಾನ, ದರ, ಭದ್ರತೆ ಮೂರಕ್ಕೂ ಒಂದೇ ಸ್ವಿಚ್ಚು ಇರುವಾಗ ಮೂರು ಸಮಿತಿ ಯಾಕೆ?

ಕೃಷಿಗೆ ಸೌರ ವಿದ್ಯುತ್ ಒದಗಿಸುವ ಕೇಂದ್ರದ ಕುಸುಮ್ ಯೋಜನೆಯ ಸಿ ವಿಭಾಗ ಇರುವುದೇ ಇದಕ್ಕೆ. ಸಬ್‌ಸ್ಟೇಷನ್ ಪಕ್ಕದಲ್ಲಿ ಸಣ್ಣ ಸೌರ ಘಟಕ ಹಾಕಿ, ಪಂಪ್‌ಸೆಟ್ಟಿನ ಫೀಡರಿಗೆ, ಅಂದರೆ ಅಲ್ಲಿಂದ ಹೊಲಗಳಿಗೆ ಹೋಗುವ ಲೈನಿಗೆ, ಹಗಲಿನಲ್ಲೇ ಕೊಡುವುದು. 2025ರ ಜೂನಿನಲ್ಲಿ ಮುಖ್ಯಮಂತ್ರಿಗಳು ಗೌರಿಬಿದನೂರಿನಲ್ಲಿ ಇದಕ್ಕೆ ಚಾಲನೆ ಕೊಟ್ಟರು. ಅಲ್ಲಿಗಿಂತ ಇಲ್ಲಿ ಬಿಸಿಲು ಜಾಸ್ತಿ, ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಲೈನುಗಳ ಉದ್ದವೂ ಜಾಸ್ತಿ. ಔರಾದ್, ಕಮಲನಗರದಂಥ ತುದಿಯ ಊರುಗಳಿಗೆ ವೋಲ್ಟೇಜ್ ತಲುಪುವ ಹೊತ್ತಿಗೆ ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಸುಡುತ್ತದೆ. ಬೇಸಿಗೆಯಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿತೆಂದರೆ ಲೈನ್‌ಮನ್ ಮನೆಯ ಮುಂದೆ ಜಾತ್ರೆ. ಪಾಪ, ಆತನ ಬಳಿ ಬದಲಿ ಟಿಸಿ ಇರಬೇಕಲ್ಲ. ಕರೆಂಟು ಊರ ಪಕ್ಕದಲ್ಲೇ ಹುಟ್ಟಿದರೆ ಈ ಪಾಡು ಅರ್ಧಕ್ಕರ್ಧ ಇಳಿದೀತು. ಮೊದಲ ಫೀಡರುಗಳನ್ನು ತುದಿಯ ತಾಲ್ಲೂಕುಗಳಿಂದ ಶುರುಮಾಡಿ.

ಸಣ್ಣ ಕೈಗಾರಿಕೆಗೂ ಇದೇ. ಬಿಸಿಲಿನ ಗಂಟೆಗಳಲ್ಲಿ ದರ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು ಎಂದು 2023ರ ಕೇಂದ್ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮ ಹೇಳಿತು. ಆಯೋಗದ ಅಧ್ಯಕ್ಷರೆ, ಅದು ನನ್ನ ಗಿರಾಕಿಗಳ ಎಲ್‌ಟಿ (ಕಡಿಮೆ ಒತ್ತಡದ ಸಂಪರ್ಕ) ಬಿಲ್ಲಿನಲ್ಲಿ ಕಾಣಬೇಕು. ಹಗಲು ಹತ್ತರಿಂದ ನಾಲ್ಕರವರೆಗೆ ದರ ಕಡಿಮೆ ಎಂದರೆ ದಾಲ್ ಮಿಲ್ಲಿನವರು ಪಾಳಿ ಬದಲಿಸಿಕೊಳ್ಳುತ್ತಾರೆ, ಫರಸಿ ಪಾಲಿಶಿನವರೂ ಬದಲಿಸಿಕೊಳ್ಳುತ್ತಾರೆ. ದೊಡ್ಡ ಕಾರ್ಖಾನೆಗಳಿಗೆ ಸ್ವಂತ ಸೌರ ಘಟಕ, ಮುಕ್ತ ಪ್ರವೇಶ (ಬೇಕಾದ ಉತ್ಪಾದಕರಿಂದ ನೇರ ಕರೆಂಟ್ ಕೊಳ್ಳುವ ಅನುಮತಿ), ವಕೀಲರು ಎಲ್ಲ ಇದ್ದಾರೆ. 2022ರ ಹಸಿರು ವಿದ್ಯುತ್ ಮುಕ್ತ ಪ್ರವೇಶ ನಿಯಮ ಮಿತಿಯನ್ನು ಒಂದು ಮೆಗಾವ್ಯಾಟಿನಿಂದ 100 ಕಿಲೋವ್ಯಾಟಿಗೆ ಇಳಿಸಿತ್ತು, 2024ರ ಡಿಸೆಂಬರಿನಲ್ಲಿ ಹೈಕೋರ್ಟ್ ಆ ನಿಯಮವನ್ನೇ ರದ್ದು ಮಾಡಿತು. ಆ ವ್ಯಾಜ್ಯ ಬಲ್ಲವರು ನೋಡಿಕೊಳ್ಳಲಿ. ನನ್ನ ಅಳಲು ಚಿಕ್ಕದು: ನೂರು ಎಚ್‌ಪಿ ಮಿಲ್ಲು ಅಂದರೆ 75 ಕಿಲೋವ್ಯಾಟ್, ನೂರರ ಮಿತಿಗೂ ಅದು ಮುಟ್ಟುವುದಿಲ್ಲ. ಗಂಜಿನ ಹತ್ತು ಮಿಲ್ಲುಗಳು ಕೂಡಿ ಒಂದು ಘಟಕದಿಂದ ಕರೆಂಟ್ ಕೊಳ್ಳುವ ದಾರಿ ಬಿಡಿ.

ಸೌರ ವಿದ್ಯುತ್ತಿಗೂ ಪರಾವಲಂಬನೆ ಇದೆ, ಮುಚ್ಚಿಡುವುದಿಲ್ಲ. ಫಲಕ ತಯಾರಿಕೆಯ ಪ್ರತಿ ಹಂತದಲ್ಲೂ ಚೀನಾದ ಪಾಲು ಶೇ 80 ಮೀರಿದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲೇ ಎಚ್ಚರಿಸಿತು. ಬ್ಯಾಟರಿಯ ಕತೆಯೂ ಹೆಚ್ಚುಕಡಿಮೆ ಇದೇ. ಆದರೆ ಕಲ್ಲಿದ್ದಲನ್ನು ದಿನವೂ ಕೊಳ್ಳಬೇಕು, ಫಲಕವನ್ನು ಇಪ್ಪತ್ತೈದು ವರ್ಷಕ್ಕೊಮ್ಮೆ. ಹಡಗು ನಿಂತರೆ ಹೊಸ ಫಲಕ ಬರುವುದಿಲ್ಲ, ಹಾಕಿದ ಫಲಕ ನಿಲ್ಲುವುದಿಲ್ಲ. ಸಂಜೆಯ ನಾಲ್ಕು ತಾಸಿಗೆ ಬ್ಯಾಟರಿ ಬೇಕೇ ಬೇಕು, ಅದರ ಬೆಲೆಯೂ ವರ್ಷ ವರ್ಷ ಇಳಿಯುತ್ತಿದೆ. ಆ ಬ್ಯಾಟರಿಗಳಲ್ಲಿ ಒಂದಿಷ್ಟು ನಮ್ಮ ಸಬ್‌ಸ್ಟೇಷನ್ನುಗಳಿಗೂ ಬರಲಿ. ಇನ್ನೊಂದು ವಿಷಯ ಕಂಪನಿಗಳ ಕರಪತ್ರದಲ್ಲಿ ಇರುವುದಿಲ್ಲ. ಫಲಕಕ್ಕೆ ಬೆಳಕು ಬೇಕು, ಕಾವು ಬೇಡ. 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಫಲಕದ ಮೈ ಗಾಳಿಗಿಂತ ಎಷ್ಟೋ ಬಿಸಿ. ಸಿಮೆಂಟ್ ಪಟ್ಟಿಯಲ್ಲಿ ಮೇಲೆ ಧೂಳೂ ಕೂಡುತ್ತದೆ, ತೊಳೆಯಲು ನೀರು ಬೇಕು. ಯೋಜನಾ ವರದಿ ಬರೆಯುವವರು ಇಲ್ಲಿಯ ಮೇ ತಿಂಗಳನ್ನು ನೋಡಿ ಬರೆಯಲಿ.

ಜಾಗದ ಮಾತು. 2,050 ಮೆಗಾವ್ಯಾಟಿನ ಪಾವಗಡ ಪಾರ್ಕಿನಲ್ಲಿ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡರು. ಪಟ್ಟಾದಾರರಿಗೆ ಅದು ಚಲೋ. ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರ ಪಾಲಿಗೆ ಗುತ್ತಿಗೆಯ ಹಣದಲ್ಲಿ ಏನೂ ಇರಲಿಲ್ಲ. ನಮ್ಮದು ತೊಗರಿಯ ಎರೆಭೂಮಿ. ಅದರ ಮೇಲೆ ಗಾಜು ಹಾಸುವ ಮೊದಲು ಶಹಾಬಾದ್, ಚಿತ್ತಾಪುರದ ಸುತ್ತ ಕಲ್ಲು ತೆಗೆದು ಬಿಟ್ಟ ಖಣಿಗಳನ್ನು ನೋಡಿ. ಮೈಲಿಗಟ್ಟಲೆ ಬಿದ್ದಿವೆ, ಜಾಲಿ ಬಿಟ್ಟು ಏನೂ ಬೆಳೆಯುವುದಿಲ್ಲ. ಗಂಜಿನ ಗೋದಾಮುಗಳ ತಗಡು ನೋಡಿ, ಕಾಲುವೆ ದಂಡೆ ನೋಡಿ. ಕೊನೆಗೆ ಉಳಿದರೆ ಹೊಲ.

ಗೃಹಜ್ಯೋತಿಯನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ತಗಡಿನ ಮನೆಯಲ್ಲಿ ಮೇ ತಿಂಗಳ ರಾತ್ರಿ ಫ್ಯಾನಿಲ್ಲದೆ ಮಲಗಿ ನೋಡಿದವರು ಹಾಗೆ ಹೇಳುವುದಿಲ್ಲ. ಆದರೆ ಬಿಲ್ಲು ಸೊನ್ನೆ ಇರುವ ಮನೆಯವರು ಚಾವಣಿಯ ಮೇಲೆ ಫಲಕ ಯಾಕೆ ಹಾಕಿಸುತ್ತಾರೆ? ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ ಕೇಂದ್ರ 78,000 ರೂಪಾಯಿ ಕೊಡುತ್ತದೆ, ರಾಜ್ಯ ಪ್ರತಿ ತಿಂಗಳು ಯೂನಿಟ್ಟಿನ ಹಣ ಕೊಡುತ್ತದೆ, ಎರಡೂ ಒಂದರ ಮುಖ ಒಂದು ನೋಡುವುದಿಲ್ಲ. ಸಹಾಯಧನ ಪಡೆಯುವ ಮನೆಯ ಮೇಲೆ ಸರ್ಕಾರವೇ ಫಲಕ ಹಾಕಲಿ. ಮನೆಯವರಿಗೆ ಕರೆಂಟು ಬಿಟ್ಟಿಯಾಗಿಯೇ ಇರುತ್ತದೆ, ತಿಂಗಳ ಬಾಕಿ ಬೊಕ್ಕಸದಿಂದ ಇಳಿಯುತ್ತದೆ.

ಕೊನೆಯದು ಗೋಗಿ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಈ ಊರಿನ ಅಡಿಯಲ್ಲಿ ಯುರೇನಿಯಂ ಇದೆ. ಅಣು ಖನಿಜ ನಿರ್ದೇಶನಾಲಯ ಅದನ್ನು ಪತ್ತೆಹಚ್ಚಿ, ಪರಿಶೋಧನೆಗೆಂದು ನೆಲದೊಳಕ್ಕೆ ಇಳಿದು, ಊರವರ ವಿರೋಧದ ನಡುವೆ ಗಣಿಗಾರಿಕೆ ಮುಂದೆ ಸಾಗದೆ ನಿಂತಿದೆ. ಅದೇ ಜಿಲ್ಲೆಯಲ್ಲಿ ಲಿಥಿಯಂಗಾಗಿಯೂ ಪ್ರಾಥಮಿಕ ಸಮೀಕ್ಷೆ ನಡೆದಿರುವುದು ಸಂಸತ್ತಿನಲ್ಲೇ ಬಂದ ಮಾಹಿತಿ. 2025ರ ಕೇಂದ್ರ ಬಜೆಟ್ 2047ಕ್ಕೆ 100 ಗಿಗಾವ್ಯಾಟ್ ಅಣು ವಿದ್ಯುತ್ ಎಂದಿದೆ, ಹಾಗಾಗಿ ಗೋಗಿಯ ಕಡತ ಮತ್ತೆ ಧೂಳು ಕೊಡವಿಕೊಂಡರೆ ಆಶ್ಚರ್ಯವಿಲ್ಲ. ದೇಶಕ್ಕೆ ಯುರೇನಿಯಂ ಬೇಕು, ಒಪ್ಪುತ್ತೇನೆ. ಕೈಗಾದ 880 ಮೆಗಾವ್ಯಾಟಿನಿಂದ ನಮಗೂ ಪಾಲು ಬರುತ್ತದೆ. ಆದರೆ ದೇಶದ ಭದ್ರತೆ ಎಂಬ ಮಾತು ಹೇಳಿದ ಕೂಡಲೇ ಗೋಗಿಯವರು ಬಾವಿಯ ನೀರಿನ ಬಗ್ಗೆ ಕೇಳುವುದು ದ್ರೋಹವಾಗಬಾರದು. ಗಣಿಯ ಮಾತು ಎತ್ತುವ ಮೊದಲು ಸುತ್ತಲಿನ ಎಲ್ಲ ಊರುಗಳ ಕುಡಿಯುವ ನೀರು ಪರೀಕ್ಷಿಸಿ, ಲೀಟರಿಗೆ 30 ಮೈಕ್ರೊಗ್ರಾಂ ಯುರೇನಿಯಂ ಎಂಬ ಮಿತಿಯ ಪಕ್ಕದಲ್ಲಿ ಪ್ರತಿ ಬಾವಿಯ ಅಂಕಿಯನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಹಚ್ಚಿ. ಈಗಲೇ ಮಿತಿ ಮೀರಿರುವಲ್ಲಿ, ಗಣಿ ಬರಲಿ ಬಿಡಲಿ, ಶುದ್ಧ ನೀರು ಕೊಡಿ. ಆಮೇಲೆ ಜನರ ಮುಂದೆ ಕೂತು ಮಾತಾಡಿ.

ಈ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮಗೆ ಹುದ್ದೆಯಲ್ಲಿ, ಸೀಟಿನಲ್ಲಿ ಪಾಲು ಸಿಕ್ಕಿತು. ವಿದ್ಯುತ್ ಯೋಜನೆಯಲ್ಲಿ ಈ ಪ್ರದೇಶಕ್ಕೆಂದು ಒಂದು ಹಾಳೆ ಇನ್ನೂ ಇಲ್ಲ. ಯಾವ ತಾಲ್ಲೂಕಿನ ಎಷ್ಟು ಪಂಪ್‌ಸೆಟ್ ಫೀಡರುಗಳು ಯಾವ ವರ್ಷ ಹಗಲಿಗೆ ಬರುತ್ತವೆ, ಎಷ್ಟು ಬದಲಿ ಟಿಸಿ ಯಾವ ಸ್ಟೋರಿನಲ್ಲಿ ಇರುತ್ತವೆ, ಬಿಸಿಲಿನ ದರ ಸಣ್ಣ ಮಿಲ್ಲಿಗೆ ಯಾವ ತಿಂಗಳಿನಿಂದ ಸಿಗುತ್ತದೆ, ಬರ ಬಿದ್ದರೆ ಯಾವ ಫೀಡರನ್ನು ಕೊನೆಗೆ ಮುಟ್ಟುತ್ತೀರಿ, ಇಷ್ಟನ್ನು ತಾರೀಕು ಹಾಕಿ ಪ್ರಕಟಿಸಿ. ಕಲ್ಯಾಣ ಕರ್ನಾಟಕದ ಮಟ್ಟಿಗೆ ಇಂಧನ, ಕೃಷಿ, ಕೈಗಾರಿಕೆ ಮೂರೂ ಇಲಾಖೆಯವರು ಒಂದೇ ಕಡತಕ್ಕೆ ಸಹಿ ಹಾಕಲಿ.

ದರ ಪರಿಷ್ಕರಣೆಯ ಮುಂದಿನ ಸಾರ್ವಜನಿಕ ವಿಚಾರಣೆಗೆ ಆಯೋಗ ಕಲಬುರಗಿಗೆ ಬಂದಾಗ, ಮಾಲೀಕರ ಒಪ್ಪಿಗೆ ಪಡೆದು ಮಿಲ್ಲುಗಳ ಬಿಲ್ಲುಗಳನ್ನು ತಿಂಗಳವಾರು ಜೋಡಿಸಿ ತರುತ್ತೇನೆ. ಹಗಲು ಎಷ್ಟು ಯೂನಿಟ್, ರಾತ್ರಿ ಎಷ್ಟು ಯೂನಿಟ್ ಎಂದು ಮೀಟರ್ ಬೇರೆ ಬೇರೆ ತೋರಿಸುವಂತೆ ಅಷ್ಟರೊಳಗೆ ವ್ಯವಸ್ಥೆ ಮಾಡಿಸಿ. ಇಲ್ಲದಿದ್ದರೆ ನಾನು ತರುವ ಕಾಗದದಲ್ಲಿ ಬರೀ ಒಟ್ಟು ಮೊತ್ತವಷ್ಟೇ ಇರುತ್ತದೆ.

ಇತಿ,
ನೆಹರು ಗಂಜಿನ ಒಬ್ಬ ಲೆಕ್ಕಿಗ
ಕಲಬುರಗಿ